ಇಪ್ಪತ್ತೆರಡೂವರೆ ನಿಮಿಷ

ಗ್ರಿಮ್ಸ್‌ಬಿಯ ಕಾಲೇಜಿನಲ್ಲಿ ನನಗೊಂದು ಬೇರೆ ಕೋಣೆ:
ಮಡಚಿಟ್ಟ ಪಿಂಗ್‌ಪಾಂಗ್ ಮೇಜು, ಬಲೆಯೊಳಗೆ ಗಾಳಿ ಹೋದ ಚೆಂಡುಗಳು,
ಮುಳ್ಳು ತಡವರಿಸುವ ಒಂದು ಗಡಿಯಾರ.
ಆಚೆ ದೊಡ್ಡ ಹಾಲಿನಲ್ಲಿ ಹದಿನಾರರ ಮಕ್ಕಳು, ನೂರಿಪ್ಪತ್ತು.
ಈಚೆ ನಾನು, ನಲವತ್ತೇಳು,
ಎಷ್ಟು ತಿಕ್ಕಿದರೂ ಉಗುರ ಸಂದಿಯಲ್ಲಿ ಹ್ಯಾಡಕ್ ಮೀನಿನ ವಾಸನೆ,
ಪಕ್ಕದಲ್ಲಿ ಮಿಸ್ಟರ್ ಮಾಲ್ಟ್‌ಬಿ,
ನನಗೆ ಓದಿ ಹೇಳಲೆಂದೇ ನೇಮಕವಾದವರು.

ಓದಿ ಹೇಳಬಹುದು. ಬಿಡಿಸಿ ಹೇಳುವಂತಿಲ್ಲ.
ದನಿ ಏರಿಸುವಂತಿಲ್ಲ, ಇಳಿಸುವಂತಿಲ್ಲ,
ಹುಬ್ಬಿನಲ್ಲೂ ಸುಳಿವು ಕೊಡುವಂತಿಲ್ಲ.
ಕೇಳಿದಷ್ಟು ಸಲ ಮತ್ತೆ ಓದಬೇಕು, ಅದು ನಿಯಮ.
ಎಲ್ಲರಿಗೂ ಒಂದೂವರೆ ಗಂಟೆ,
ನನಗೆ ಅದರ ಮೇಲೆ ಇಪ್ಪತ್ತೆರಡೂವರೆ ನಿಮಿಷ.
ಮೂವತ್ತು ವರ್ಷ ತಡವಾಗಿ ಬಂದವಳಿಗೆ
ಎಂಥ ಕರಾರುವಾಕ್ಕು ಲೆಕ್ಕ!
ಆ ಅರ್ಧ ನಿಮಿಷವನ್ನು ಯಾರು ಎಲ್ಲಿ ಕೂತು ತೂಗಿದರೋ.

ಬಿ ಅಂದರೆ ಹೊಟ್ಟೆ ಮುಂದೆ ಮಾಡಿ ನಿಂತ ಬಸುರಿ,
ಡಿ ಅಂದರೆ ಬೆನ್ನಿಗೆ ಮೂಟೆ ಹೊತ್ತ ಕೂಲಿ,
ಹಾಗಂತ ಸಂಜೆ ಕ್ಲಾಸಿನ ಹುಡುಗಿ ಹೇಳಿಕೊಟ್ಟಳು.
ಸರಿಯೇ. ಆದರೆ ನಾನು ನೋಡುವ ಹೊತ್ತಿಗೆ
ಬಸುರಿ ಹೆತ್ತಾಗಿರುತ್ತದೆ,
ಕೂಲಿ ಮೂಟೆ ಇಳಿಸಿ ಸಿಗರೇಟು ಹಚ್ಚಿರುತ್ತಾನೆ.
ಹಳದಿ ಹಾಳೆ ಮೇಲಿಟ್ಟರೆ ಸಾಲುಗಳು ಕೊಂಚ ತೆಪ್ಪಗಾಗುತ್ತವೆ,
ಮಂಜುಗಡ್ಡೆ ಸುರಿದ ಪೆಟ್ಟಿಗೆಯ ಮೀನಿನ ಹಾಗೆ.
ಪೂರ್ತಿ ಅಲ್ಲ.
ತಳದಲ್ಲೆಲ್ಲೋ ಒಂದು ಬಾಲ ಆಡುತ್ತಲೇ ಇರುತ್ತದೆ.

ಹನ್ನೊಂದರ ವಯಸ್ಸಿನಲ್ಲಿ, ಎದ್ದು ನಿಂತು ಓದು, ಅಂದರು ಮಿಸೆಸ್ ಥ್ರೆಲ್ಕೆಲ್ಡ್.
ಹಿಂದಿನ ದಿನ ಗೆಳತಿ ಓದಿದ್ದನ್ನು ಬಾಯಿಪಾಠ ಮಾಡಿದ್ದೆ,
ಅಲ್ಪವಿರಾಮ ಸಹಿತ ಗಟಗಟ ಒಪ್ಪಿಸಿದೆ.
ಪುಸ್ತಕ ತಲೆಕೆಳಗಿರಲಿಲ್ಲ, ಅಷ್ಟು ಪೆದ್ದಿಯಲ್ಲ ನಾನು.
ಪುಟ ಬೇರೆಯಿತ್ತು.
ನಿನ್ನ ಹಣೆಬರಹ, ಅಂದರು.
ಅದನ್ನು ಕೂಡ ಓದಿದ್ದು ಅವರೇ.

ಅಲ್ಲಿಂದಾಚೆ ಕನ್ನಡಕ ಮನೆಯಲ್ಲಿ ಮರೆತೆನೆಂದೇ ಬದುಕಿದೆ,
ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಮದುವೆಯ ರಿಜಿಸ್ಟರ್ ಮುಂದೆ.
ಕನ್ನಡಕ ಇರಲೇ ಇಲ್ಲ.
ರಾತ್ರಿ ರೋವೆನಾಳನ್ನು ಮಡಿಲಲ್ಲಿಟ್ಟುಕೊಂಡು
ಚಿತ್ರ ನೋಡಿ ಕತೆ ಕಟ್ಟುತ್ತಿದ್ದೆ,
ಕರಡಿ ದಿನಕ್ಕೊಂದು ಊರಿಗೆ ಹೋಗುತ್ತಿತ್ತು.
ಐದು ತುಂಬಿದ ವಾರ ಅವಳು ಸಾಲಿನ ಮೇಲೆ ಬೆರಳಿಟ್ಟು ಅಂದಳು:
ಅಮ್ಮಾ, ಇಲ್ಲಿ ಹಾಗೆ ಬರೆದಿಲ್ಲ.
ಮರುದಿನದಿಂದ ಅವಳ ಅಪ್ಪ ಓದಿದ.
ಕರಡಿ ಎಲ್ಲಿಗೂ ಹೋಗಲಿಲ್ಲ.

“ಹದಿಮೂರನೆಯ ಪ್ರಶ್ನೆ,” ಅಂದರು ಮಾಲ್ಟ್‌ಬಿ, ಪುದೀನಾ ಉಸಿರು.
“ಎರಡು ಮೀಟರ್ ನಲವತ್ತು ಸೆಂಟಿಮೀಟರ್ ರಿಬ್ಬನ್ನನ್ನು
ಐಲೀನ್ ಮೂರಕ್ಕೆ ಐದರ ಅನುಪಾತದಲ್ಲಿ
ಎರಡು ತುಂಡು ಮಾಡುತ್ತಾಳೆ.”
ತುಂಡು ಮಾಡುವುದನ್ನು ನನಗೆ ಹೇಳಿಕೊಡಬೇಕೆ?
ಇಪ್ಪತ್ತೆಂಟು ವರ್ಷ ಮೀನು ಕೊಯ್ದ ಕೈ,
ಕಣ್ಣು ಅಳೆಯುವ ಮೊದಲೇ ಚಾಕು ಅಳೆದಿರುತ್ತದೆ.
ತೊಂಬತ್ತು. ನೂರೈವತ್ತು. ಬರೆದೆ.
ಬರೆದಾದ ಮೇಲೂ ಅಂದೆ, “ಇನ್ನೊಮ್ಮೆ ಓದಿ.”
ಓದಿದರು. ಅದೇ ದನಿ.
ನಿಟ್ಟುಸಿರಿಲ್ಲ, ಇಷ್ಟೂ ಗೊತ್ತಾಗಲ್ವೇ ಅನ್ನುವ ಗಂಟಲಿಲ್ಲ.
“ಇನ್ನೊಮ್ಮೆ.”
ಐಲೀನ್. ರಿಬ್ಬನ್. ಯಾರ ಜಡೆಗೋ,
ಯಾವ ಹುಟ್ಟುಹಬ್ಬದ ಪೊಟ್ಟಣಕ್ಕೋ, ಪ್ರಶ್ನೆಯಲ್ಲಿರಲಿಲ್ಲ.
ಹೀಗೆ ಪಕ್ಕದಲ್ಲಿ ಕೂತು
ಯಾರೂ ನನಗೆ ಓದಿ ಹೇಳಿರಲಿಲ್ಲ.

ಹದಿನೇಳನ್ನು ಬಿಟ್ಟೆ. ಇಪ್ಪತ್ತಕ್ಕೆ
ಆರು ಬರೆದೆನೋ ಒಂಬತ್ತೋ, ತಿದ್ದುವವರ ಪುಣ್ಯ.
ಕೊನೆಗೆ ಏಳೂವರೆ ನಿಮಿಷ ಉಳಿಯಿತು.
“ಮುಗಿದಿದ್ದರೆ ಹೊರಡಬಹುದು,” ಅಂದರು ಮಾಲ್ಟ್‌ಬಿ,
ಪ್ರಶ್ನೆಪತ್ರಿಕೆಯಲ್ಲಿ ಇಲ್ಲದ ಅವರ ಮೊದಲ ಮಾತು.
ಆಚೆ ಹುಡುಗರ ಗದ್ದಲ ಯಾವಾಗಲೋ ಮೆಟ್ಟಿಲಿಳಿದಿತ್ತು.
ಎರಡಕ್ಕೆ ನನ್ನ ಪಾಳಿ, ರಬ್ಬರ್ ಏಪ್ರನ್ ಮೊಳೆಗೆ ತೂಗುತ್ತಿರುತ್ತದೆ.

ಇಲ್ಲ, ಅಂದೆ.
ಕೂತಿರುತ್ತೇನೆ,
ಆ ಅರ್ಧ ನಿಮಿಷವೂ ಮುಗಿಯುವ ತನಕ.